ಕಾರ್ಡೋಮಾ: ಮೊದಲ ಆಪರೇಶನ್ನಿಗೆ ಮುಂಚೆ ಮುಂಬಯಿಯಲ್ಲಿ ಏನೇನು ಆಗಬೇಕು?

ದಹಿಸರ್ ಲೋಕಲ್
ಊರಿಂದ ಬಂದ ನೆಂಟರೊಬ್ಬರ ಫೈಲು ಮುಂದೆ ಉಂಟು. ಪ್ರಾಯ 58. ಸೇಕ್ರಮ್ಮಿನಲ್ಲಿ (ಬೆನ್ನೆಲುಬಿನ ಬುಡದ ಮೂಳೆ) ಎಸ್3ರಿಂದ, ಅಂದರೆ ಅದರ ಮೂರನೇ ತುಂಡಿನಿಂದ, ಕೆಳಗೆ 7 ಸೆಂ.ಮೀ. ಗಡ್ಡೆ, ಮುಂದಕ್ಕೆ ಗುದನಾಳವನ್ನು ಒತ್ತಿಕೊಂಡಿದೆ. ಎಂಆರ್‌ಐ ವರದಿಯಲ್ಲಿ 'ಕಾರ್ಡೋಮಾ ಇರಬಹುದು' ಎಂದು ಬರೆದಿದ್ದಾರೆ, ಮೂಳೆಯ ಒಂದು ಅಪರೂಪದ ಕ್ಯಾನ್ಸರಂತೆ. ಬಯಾಪ್ಸಿ ಆಗಿಲ್ಲ. ಉಪನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಬರುವ ಗುರುವಾರವೇ ತೆಗೆಯುತ್ತೇವೆ, ಆಮೇಲೆ ಬೇಕಾದರೆ ಕರೆಂಟ್ (ರೇಡಿಯೇಷನ್) ಕೊಡಿಸಿ ಎಂದಿದ್ದಾರಂತೆ. ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಅಂದರೆ ಪರೇಲಿಗೆ ಹೋಗಬೇಕಾ, ಖಾರ್‌ಘರಿಗೆ ಹೋಗಬೇಕಾ, ಮೊದಲು ಆಪರೇಶನ್ನಾ, ಮೊದಲು ಕರೆಂಟಾ, ಮಾತ್ರೆಯಲ್ಲಿ ಏನಾದರೂ ಉಂಟಾ? ಗೊತ್ತಿದ್ದವರು ಬಿಡಿಸಿ ಹೇಳಿ. ಸಮಾಧಾನದ ಮಾತು ಬೇಡ, ಲೆಕ್ಕ ಬೇಕು.

ಬೆನ್ನೆಲುಬು
ಗುರುವಾರದ್ದನ್ನು ಮೊದಲು ರದ್ದು ಮಾಡಿಸಿ ಮಾರಾಯ್ರೆ. ಉಳಿದದ್ದು ಆಮೇಲೆ.

ಕಾರ್ಡೋಮಾ ತೆವಳಿಕೊಂಡು ಬರುವ ರೋಗ. 7 ಸೆಂ.ಮೀ. ಆಗಲಿಕ್ಕೆ ವರ್ಷಗಳೇ ಹಿಡಿದಿರುತ್ತದೆ. ಪರೀಕ್ಷೆ ಮುಗಿಸಲಿಕ್ಕೆ ಮೂರು ನಾಲ್ಕು ವಾರ ಹೋದರೆ ಕಳೆದುಕೊಳ್ಳುವುದು ಏನೂ ಇಲ್ಲ. ಮೂತ್ರ ಪೂರ್ತಿ ಕಟ್ಟಿದರೆ, ಕಾಲು ಸೋಲತೊಡಗಿದರೆ ಮಾತ್ರ ಅವಸರ.

ಕಳೆದುಕೊಳ್ಳುವುದು ಎಲ್ಲಿ ಅಂದರೆ ತಪ್ಪು ಆಪರೇಶನ್ನಿನಲ್ಲಿ. ಈ ಗಡ್ಡೆಯ ಒಳಗೆ ಲೋಳೆ, ಹೊರಗೆ ತೆಳು ಪೊರೆ. ಪೊರೆ ಹರಿಯಿತೋ, ಬೆಂಡೆಕಾಯಿ ಲೋಳೆಯ ಹಾಗೆ ಗಾಯದ ತುಂಬಾ ಹರಡುತ್ತದೆ. ಬಿದ್ದ ಕಡೆಯೆಲ್ಲ ಮೊಳಕೆ ಬರುತ್ತದೆ, ಹೊಲಿಗೆ ಹಾಕಿದ ಚರ್ಮದಲ್ಲೂ. ಆದ್ದರಿಂದ ಸೇಕ್ರಮ್ಮಿನ ಗಡ್ಡೆಯನ್ನು ಸುತ್ತಲಿನ ಒಳ್ಳೆಯ ಮೂಳೆ-ಮಾಂಸದ ಪದರದ ಸಮೇತ ಇಡೀ ಒಂದೇ ತುಂಡಾಗಿ ತೆಗೆಯಬೇಕು. ಚಮಚದಲ್ಲಿ ಕೆರೆದು, ಹೀರಿ ತೆಗೆಯುವ ಆಪರೇಶನ್ ಇಲ್ಲಿ ಆಪರೇಶನ್ನೇ ಅಲ್ಲ. ಮೊದಲ ಸಲ ಕೆಟ್ಟರೆ ಎರಡನೇ ಸಲ ಆ ಒಳ್ಳೆಯ ಪದರ ಸಿಗುವುದಿಲ್ಲ. ತ್ರಾಸ ಎಲ್ಲ ಶುರುವಾಗುವುದು ಅಲ್ಲಿಂದ.

ನಿಮ್ಮ ನೆಂಟರ ಗಡ್ಡೆ ಎಸ್3ರಿಂದ ಕೆಳಗೆ ಇರುವುದು ಲೆಕ್ಕದಲ್ಲಿ ಒಳ್ಳೆಯದು. ಯಾಕೆ ಅಂತ ಬಯಾಪ್ಸಿಯ ಮಾತು ಮುಗಿದ ಮೇಲೆ ಬರೆಯುತ್ತೇನೆ.

ಗಾಜುಪಟ್ಟಿ
ಬಯಾಪ್ಸಿಯ ಬಗ್ಗೆ ನಾನು.

ಸೇಕ್ರಮ್ಮಿಗೆ ಸಿಟಿ ಸ್ಕ್ಯಾನ್ ನೋಡಿಕೊಂಡು ಹಿಂಬದಿಯಿಂದ, ನಡುಗೆರೆಯ ಹತ್ತಿರ ಸೂಜಿ ಹೋಗಬೇಕು. ಆಪರೇಶನ್ ಮಾಡುವವರೇ ಆ ಜಾಗವನ್ನು ತೋರಿಸಬೇಕು, ಏಕೆಂದರೆ ಸೂಜಿ ಹೋದ ದಾರಿಯನ್ನೂ ಅವರು ಗಡ್ಡೆಯ ಜೊತೆಗೇ ಕತ್ತರಿಸಿ ತೆಗೆಯುತ್ತಾರೆ. ಗುದದ್ವಾರದಿಂದ ಬೆರಳಿಗೆ ಸಿಗುತ್ತದೆ ಎಂದು ಅಲ್ಲಿಂದಲೇ ಸೂಜಿ ಹಾಕುವುದು ದೊಡ್ಡ ತಪ್ಪು. ಹಾಗೆ ಮಾಡಿದರೆ ಚೆನ್ನಾಗಿದ್ದ ಗುದನಾಳವನ್ನೂ ತೆಗೆಯುವ ಪ್ರಸಂಗ ಬರುತ್ತದೆ. ತೆರೆದು ಬಯಾಪ್ಸಿ ಮಾಡುವುದೂ ಬೇಡ. ದಪ್ಪ ಸೂಜಿಯ ನಾಲ್ಕಾರು ಎಳೆ ಸಾಕು.

ಎಳೆಗಳು 10 ಶೇಕಡಾ ಫಾರ್ಮಲಿನ್‌ಗೆ ಹೋಗಲಿ. ಮೂಳೆಯ ಚೂರು ಇದ್ದರೆ ಮೆದು ಮಾಡಲು ಆಸಿಡ್‌ನಲ್ಲಿ ಹಾಕುತ್ತಾರೆ, ಇಲ್ಲೇ ಯಡವಟ್ಟಾಗುವುದು. ಬಲವಾದ ಆಸಿಡ್ ಡಿಎನ್‌ಎಯನ್ನು ಕೆಡಿಸುತ್ತದೆ, ಬಣ್ಣದ ಪರೀಕ್ಷೆಯನ್ನೂ ಮಂಕು ಮಾಡುತ್ತದೆ. ಮೆತ್ತಗಿನ ಎಳೆಯನ್ನು ಬೇರೆ ಡಬ್ಬಿಯಲ್ಲಿಡಿ, ಮೂಳೆ ಇರುವುದಕ್ಕೆ ಇಡಿಟಿಎ ಎಂಬ ಸೌಮ್ಯ ದ್ರಾವಣ ಬಳಸಿ ಎಂದು ಲ್ಯಾಬಿಗೆ ಚೀಟಿಯಲ್ಲಿ ಬರೆಸಿ. ನಿಧಾನವಾಗುತ್ತದೆ, ಆಗಲಿ.

ಸ್ಲೈಡಿನಲ್ಲಿ ಗುಳ್ಳೆ ಗುಳ್ಳೆಯಾದ ದೊಡ್ಡ ಕೋಶಗಳು ಲೋಳೆಯ ನಡುವೆ ಸರಪಳಿಯಂತೆ ಕೂತಿರುತ್ತವೆ. ಆದರೆ ಕಣ್ಣಳತೆಯ ಮೇಲೆ ನಂಬಿಕೆ ಬೇಡ, ಮೃದ್ವಸ್ಥಿಯ ಕ್ಯಾನ್ಸರ್ ಕಾಂಡ್ರೋಸಾರ್ಕೋಮಾವೂ ಹೀಗೇ ಮೋಸ ಮಾಡುತ್ತದೆ, ತಲೆಬುರುಡೆಯ ತಳದಲ್ಲಂತೂ ಹೆಚ್ಚು. ತೀರ್ಮಾನ ಕೊಡುವುದು ಬ್ರಾಕಿಯೂರಿ ಎಂಬ ಬಣ್ಣ. ಕೋಶಕೇಂದ್ರ ಕಂದಾದರೆ ಕಾರ್ಡೋಮಾ. ಕಾಂಡ್ರೋಸಾರ್ಕೋಮಾದಲ್ಲಿ ಅದು ಬರುವುದಿಲ್ಲ. ಜೊತೆಗೆ ಸೈಟೋಕೆರಾಟಿನ್, ಇಎಂಎ, ಎಸ್100 ಎಂಬ ಬಣ್ಣಗಳೂ ಬೇಕು. ಕೊನೆಗೆ ಐಎನ್‌ಐ1. ಇದನ್ನು ಎಷ್ಟೋ ವರದಿಗಳಲ್ಲಿ ಬಿಟ್ಟಿರುತ್ತಾರೆ, ಕೇಳಿ ಹಾಕಿಸಿ. ಐಎನ್‌ಐ1 ಕಳೆದುಹೋಗಿದ್ದರೆ ಅದು ಕಡಿಮೆ ಪಕ್ವವಾದ ಬಗೆ. ಮಕ್ಕಳಲ್ಲಿ, ಹರೆಯದವರಲ್ಲಿ ಹೆಚ್ಚು, ಓಟವೂ ಜೋರು, ಔಷಧಿಯ ದಾರಿಯೂ ಬೇರೆ.

ಪರೇಲಿಗೆ ಹೋಗುವಾಗ ಸ್ಲೈಡು ಮಾತ್ರ ತಗೊಂಡು ಹೋಗಬೇಡಿ. ಮೇಣದ ಬ್ಲಾಕು ಕೇಳಿ ಪಡೆಯಿರಿ. ಹಳೆಯ ಸ್ಲೈಡಿನ ಮೇಲೆ ಹೊಸ ಬಣ್ಣ ಹಾಕಲಾಗುವುದಿಲ್ಲ, ಬ್ಲಾಕಿನಿಂದ ಹೊಸದಾಗಿ ಕುಯ್ಯಬೇಕು.

ಕಲಿಯುವವ
ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಕಾರ್ಡೋಮಾ ಹುಟ್ಟುವ ಜಾಗ ಅರ್ಧ ಸೇಕ್ರಮ್ಮು, ಮೂರನೇ ಒಂದು ತಲೆಬುಡ, ಉಳಿದದ್ದು ನಡುವಿನ ಬೆನ್ನುಮೂಳೆ ಎಂದು ಪುಸ್ತಕದಲ್ಲಿ ಓದಿದ್ದು. ಸರಿಯೇ?

ಗಾಜುಪಟ್ಟಿ
ಹಳೆಯ ಆಸ್ಪತ್ರೆಗಳ ಲೆಕ್ಕ ಅದು. ಅಮೆರಿಕದ ಕ್ಯಾನ್ಸರ್ ನೋಂದಣಿಯ 1973ರಿಂದ 1995ರವರೆಗಿನ 400 ಪ್ರಕರಣಗಳನ್ನು ಎಣಿಸಿದಾಗ ಮೂರೂ ಕಡೆ ಹೆಚ್ಚುಕಡಿಮೆ ಸಮಪಾಲು ಬಂತು: ತಲೆ 32, ಬೆನ್ನು 32.8, ಸೇಕ್ರಮ್ 29.2 ಶೇಕಡಾ. 10 ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗಿಂತ ತುಸು ಕಡಿಮೆ. ಅದೇ ಎಣಿಕೆಯಲ್ಲಿ 5 ವರ್ಷ ದಾಟಿದವರು 67.6 ಶೇಕಡಾ, 10 ವರ್ಷ ದಾಟಿದವರು 39.9. ಅದು ಪ್ರೋಟಾನ್ ಕರೆಂಟ್ ಅಪರೂಪವಾಗಿದ್ದ ಕಾಲದ ಲೆಕ್ಕ ಎಂಬುದನ್ನೂ ಜೊತೆಗೇ ನೆನಪಿಟ್ಟುಕೊಳ್ಳಿ.

ಧಾರವಾಡ–ಡೊಂಬಿವಲಿ
ಎಂಆರ್‌ಐ ಬಗ್ಗೆ ಒಂದು ಮಾತು ಹೇಳೂದದ ರೀ. ಬೆನ್ನು ನೋವು ಅಂತ 'ಎಲ್‌ಎಸ್ ಸ್ಪೈನ್' ತೆಗಿಸಿದ್ರ ಸ್ಕ್ಯಾನು ಎಸ್2 ಸುತ್ತಮುತ್ತ ನಿಂತುಬಿಡ್ತದ. ಗಡ್ಡಿ ಅದರ ಕೆಳಗ ಆರಾಮಾಗಿ ಕೂತಿರ್ತದ. ಎಕ್ಸ್‌ರೇದಾಗ ಕರುಳಿನ ಗಾಳಿ ಅಡ್ಡ ಬರ್ತದ, ಕಾಣೂದೇ ಇಲ್ಲ. ಹಿಂಗಾಗಿ ಒಂದು ವರ್ಷ ಡಿಸ್ಕು, ಒಂದು ವರ್ಷ ಮೂಲವ್ಯಾಧಿ ಅಂತ ಹೋಗಿಬಿಡ್ತದ. ಕೂತ್ರ ನೋವು, ನಿಂತ್ರ ಕಡಿಮಿ, ಮಲಬದ್ಧತಿ, ಕೂಡೂ ಜಾಗಾ ಜೋಮು, ಇವು ಒಟ್ಟಿಗೆ ಇದ್ರ ಬಾಲದ ಮೂಳಿ ತುದಿ ತನಕ ಸೇರಿಸಿ ತೆಗೀರಿ ಅಂತ ಚೀಟಿ ಮ್ಯಾಲೆ ಬರಿಸ್ರಿ. ಡಾಕ್ಟರು ಒಮ್ಮೆ ಕೈಗವಸು ಹಾಕ್ಕೊಂಡು ಗುದದಾಗ ಬೆರಳಿಟ್ಟು ನೋಡಿದ್ರ ಸಾಕು, ಹಿಂದ ಗಟ್ಟಿ ಗಂಟು ಸಿಗ್ತದ. ಪೈಸಾ ಖರ್ಚಿಲ್ಲದ ಪರೀಕ್ಷಾ, ಯಾರೂ ಮಾಡೂದಿಲ್ಲ.

ನಮ್ಮ ಕಡೆ ಇನ್ನೊಂದು. ಮೂಳಿ ಸವದಿದ್ದು ಕಂಡ ಕೂಡ್ಲೆ ಟಿಬಿ ಅಂತ ನಾಲ್ಕು ಗುಳಿಗಿ ಶುರು ಮಾಡಿ ಆರು ತಿಂಗಳ ಕಳೀತಾರ. ಬಯಾಪ್ಸಿ ಇಲ್ದ ಟಿಬಿ ಗುಳಿಗಿ ಶುರು ಮಾಡಬ್ಯಾಡ್ರಿ.

ಬೆನ್ನೆಲುಬು
ಅಕ್ಕ ಹೇಳಿದ್ದು ನೂರಕ್ಕೆ ನೂರು. ಎದುರು ದಿಕ್ಕಿನ ತಪ್ಪೂ ಉಂಟು. ಬೇರೆ ಯಾವುದಕ್ಕೋ ಎಂಆರ್‌ಐ ತೆಗೆದಾಗ ಕಶೇರುವಿನೊಳಗೆ (ಬೆನ್ನೆಲುಬಿನ ಒಂದು ಮಣಿ) ಸಣ್ಣ ಮಚ್ಚೆ ಕಾಣುತ್ತದೆ, ಮೂಳೆ ಸವೆದಿರುವುದಿಲ್ಲ, ಕಾಂಟ್ರಾಸ್ಟ್ ಹೀರುವುದಿಲ್ಲ, ಹೊರಗೆ ಚಾಚಿರುವುದಿಲ್ಲ. ಅದು ನೋಟೋಕಾರ್ಡಿನ (ಭ್ರೂಣದಲ್ಲಿ ಬೆನ್ನೆಲುಬಿಗೆ ಮುಂಚೆ ಇರುವ ಎಳೆ) ನಿರುಪದ್ರವಿ ಗಂಟು ಇರಬಹುದು. ಅದಕ್ಕೆ ಕತ್ತಿ ಹಿಡಿಯಬಾರದು, ಸ್ಕ್ಯಾನ್ ಮಾಡುತ್ತ ಕಾಯಬೇಕು.

ಈಗ ನರದ ಲೆಕ್ಕ. ಮೂತ್ರ, ಮಲ, ಲೈಂಗಿಕ ಶಕ್ತಿ ಇವುಗಳ ಬೀಗದ ಕೈ ಎಸ್2, ಎಸ್3, ಎಸ್4 ನರಗಳಲ್ಲಿ. ಎರಡೂ ಬದಿಯ ಎಸ್2 ಮತ್ತು ಒಂದು ಬದಿಯ ಎಸ್3 ಉಳಿದರೆ ಹೆಚ್ಚಿನವರಿಗೆ ಹಿಡಿತ ತಕ್ಕಮಟ್ಟಿಗೆ ಉಳಿಯುತ್ತದೆ. ಎರಡೂ ಎಸ್3 ಹೋಗಿ ಎಸ್2 ಮಾತ್ರ ಉಳಿದರೆ ಕೆಲವರಿಗೆ ಉಂಟು, ಕೆಲವರಿಗೆ ಇಲ್ಲ. ಎರಡೂ ಎಸ್2 ಹೋದರೆ ಹಿಡಿತ ಹೋಯಿತು ಎಂದೇ ತಿಳಿಯಬೇಕು. ಒಂದು ಬದಿಯ ನರಗಳು ಮಾತ್ರ ಹೋಗಿ ಇನ್ನೊಂದು ಬದಿ ಪೂರ್ತಿ ಉಳಿದರೆ ದೇಹ ಹೊಂದಿಕೊಳ್ಳುತ್ತದೆ. ಎಸ್1 ಹೋದರೆ ತುದಿಗಾಲಲ್ಲಿ ಏಳುವ ಶಕ್ತಿ ಹೋಗುತ್ತದೆ.

ಹಾಗಾಗಿ ಎಸ್3ರ ಕೆಳಗಿನದನ್ನು ಬೆನ್ನ ಕಡೆಯಿಂದಲೇ ಒಂದು ದಿನದಲ್ಲಿ ತೆಗೆಯಬಹುದು. ಎಸ್2, ಎಸ್1ಕ್ಕೆ ಏರಿದ್ದರೆ ಎರಡು ಹಂತ. ಮೊದಲು ಹೊಟ್ಟೆ ತೆರೆದು ಗುದನಾಳವನ್ನು ಬಿಡಿಸಿ, ದೊಡ್ಡ ರಕ್ತನಾಳಗಳನ್ನು ಕಟ್ಟಿ, ಹೊಟ್ಟೆಯ ನೇರ ಸ್ನಾಯುವಿನ ಒಂದು ಪಟ್ಟಿಯನ್ನು ಬಿಡಿಸಿ ಒಳಗೆ ಸುತ್ತಿಡುತ್ತಾರೆ. ಆಮೇಲೆ ಬೋರಲು ಮಲಗಿಸಿ ಹಿಂದಿನಿಂದ ಮೂಳೆ ಕತ್ತರಿಸಿ, ಆ ಪಟ್ಟಿಯನ್ನೇ ಹೊರಗೆಳೆದು ಗುಂಡಿ ತುಂಬುತ್ತಾರೆ. ಸಣ್ಣ ಗುಂಡಿಯಾದರೆ ಪೃಷ್ಠದ ಸ್ನಾಯು ಸರಿಸಿದರೂ ಆಗುತ್ತದೆ. ಎಸ್1 ಕಶೇರುವಿನ ದೊಡ್ಡ ಪಾಲು ಹೋದರೆ ಸೊಂಟವನ್ನು ಬೆನ್ನಿಗೆ ರಾಡು-ಸ್ಕ್ರೂ ಹಾಕಿ ಜೋಡಿಸಬೇಕು.

ಕೈಕೊಡುವುದು ಹೆಚ್ಚಾಗಿ ಗಾಯ. ಗುದದ್ವಾರದ ಹತ್ತಿರ, ಒತ್ತಿ ಮಲಗುವ ಜಾಗ, ಒಳಗೆ ಟೊಳ್ಳು. ಹೊಲಿಗೆ ಬಿಡುವುದು, ಕೀವು, ಮತ್ತೆ ಥಿಯೇಟರು, ಇದೆಲ್ಲ ಅಪರೂಪ ಅಲ್ಲ. ಪ್ಲಾಸ್ಟಿಕ್ ಸರ್ಜನ್ ಮೊದಲ ದಿನದಿಂದಲೇ ತಂಡದಲ್ಲಿ ಇದ್ದಾರೋ ಕೇಳಿ. 'ಬೇಕಾದರೆ ಕರೆಯುತ್ತೇವೆ' ಎಂಬ ಉತ್ತರ ಬಂದರೆ ಬೇರೆ ಕಡೆ ನೋಡಿ.

ದಹಿಸರ್ ಲೋಕಲ್
ಗುರುವಾರದ್ದು ರದ್ದು ಮಾಡಿಸಿದೆವು. ರಾಡು ಹಾಕುವುದಾದರೆ ಟೈಟಾನಿಯಂ ಒಳ್ಳೆಯದಾ? ಕರೆಂಟಿಗೆ ತೊಂದರೆ ಅಂತ ಯಾರೋ ಹೇಳಿದರು.

ಕಿರಣಲೆಕ್ಕ
ತೊಂದರೆ ಇದೆ. ಸಾಧ್ಯವಿದ್ದಲ್ಲಿ ಲೋಹವಲ್ಲದ ಕಾರ್ಬನ್ ಫೈಬರ್-ಪೀಕ್ ರಾಡು ಎಂದು ಆಪರೇಶನ್ನಿಗೆ ಮುಂಚೆಯೇ ಕೇಳಿ. ಅಂದರೆ ರೇಡಿಯೇಷನ್ ಡಾಕ್ಟರನ್ನು ಕತ್ತಿ ಹಾಕುವ ಮೊದಲೇ ನೋಡಿರಬೇಕು. ಈ ರೋಗದಲ್ಲಿ ಅವರ ಸರದಿ ಆಮೇಲಿನದಲ್ಲ.

ಕಾರಣ ಹೇಳುತ್ತೇನೆ. ಕಾರ್ಡೋಮಾ ಕರೆಂಟಿಗೆ ಸುಲಭಕ್ಕೆ ಬಗ್ಗುವುದಿಲ್ಲ. 50-60 ಗ್ರೇ (ಕಿರಣದ ಡೋಸಿನ ಅಳತೆ) ಕೊಟ್ಟರೆ ನೋವು ತಗ್ಗಬಹುದು, ಗಡ್ಡೆ ಕೆಲ ಕಾಲ ಸುಮ್ಮನಿರಬಹುದು, ಅಷ್ಟೇ. ಬೇಕಿರುವುದು 70ರ ಮೇಲೆ, ಸಾಮಾನ್ಯವಾಗಿ 70ರಿಂದ 78. ದಿನಕ್ಕೆ 1.8 ಅಥವಾ 2 ಗ್ರೇಯಂತೆ 35ರಿಂದ 43 ಸಲ, ವಾರಕ್ಕೆ 5 ದಿನ, ಹೆಚ್ಚಾಗಿ ಏಳೆಂಟು ವಾರ. ಆದರೆ ಪಕ್ಕದಲ್ಲಿರುವವರ ಮಿತಿ ಬೇರೆ. ಮಿದುಳುಕಾಂಡದ ಮೇಲ್ಮೈ ಸುಮಾರು 60-64 ತಡೆಯುತ್ತದೆ, ಅದರ ನಡುಭಾಗ 53-55. ಕಣ್ಣಿನ ನರಕ್ಕೆ 54ರಿಂದ 60ರ ಒಳಗೆ ಇಡುತ್ತೇವೆ. ಸೇಕ್ರಮ್ಮಿನಲ್ಲಾದರೆ ಗುದನಾಳ, ಕರುಳು. ಗಡ್ಡೆಗೆ 74, ಎರಡು ಮಿಲಿಮೀಟರ್ ಆಚೆಗೆ 60: ಇಷ್ಟು ಕಡಿದಾದ ಇಳಿಜಾರು ಬೇಕು. ಪ್ರೋಟಾನ್ ಕೇಳುವುದು ಅದಕ್ಕೇ. ಎಕ್ಸ್‌ರೇ ಕಿರಣ ಮೈ ತೂರಿಕೊಂಡು ಆಚೆ ಹೋಗುತ್ತದೆ. ಪ್ರೋಟಾನ್ ಲೆಕ್ಕ ಹಾಕಿದ ಆಳದಲ್ಲಿ ತನ್ನ ಶಕ್ತಿ ಸುರಿದು ನಿಂತುಬಿಡುತ್ತದೆ.

ನಿಲ್ಲುವ ಜಾಗದಲ್ಲಿ ಅನುಮಾನವೂ ಇದೆ. ಸಿಟಿ ನೋಡಿ ಮಾಡುವ ಆಳದ ಲೆಕ್ಕದಲ್ಲಿ ಸುಮಾರು 3.5 ಶೇಕಡಾ ಹೆಚ್ಚುಕಡಿಮೆ ಇರುತ್ತದೆ ಎಂದು ಹಿಡಿದುಕೊಂಡೇ ಕೆಲಸ ಮಾಡುತ್ತೇವೆ. 10 ಸೆಂ.ಮೀ. ಆಳಕ್ಕೆ ಅದು ಮೂರೂವರೆ ಮಿಲಿಮೀಟರ್. ಹಾಗಾಗಿ ಮಿದುಳುಕಾಂಡದ ಕಡೆಗೆ ನೇರ ಗುರಿಯಿಟ್ಟು 'ಅಲ್ಲೇ ನಿಲ್ಲುತ್ತೆ ಬಿಡಿ' ಎನ್ನುವ ಪ್ಲಾನು ಯಾರೂ ಮಾಡಬಾರದು. ಬದಿಯಿಂದ ಸವರಿ ಹೋಗುವ ಕೋನಗಳನ್ನು ಆರಿಸುತ್ತೇವೆ. ಇನ್ನು ಟೈಟಾನಿಯಂ ಸ್ಕ್ರೂ ಇದ್ದರೆ ಸಿಟಿಯಲ್ಲಿ ನಕ್ಷತ್ರದಂತೆ ಕಪ್ಪು-ಬಿಳಿ ಗೆರೆ ಬಂದು ಆ ಲೆಕ್ಕವೇ ಅಡಿಮೇಲಾಗುತ್ತದೆ. ಸ್ಕ್ರೂವಿನ ನೆರಳಲ್ಲಿ ಉಳಿದ ಗಡ್ಡೆಗೆ ಡೋಸು ಕಡಿಮೆ ಬೀಳುತ್ತದೆ, ರೋಗ ಮರಳುವುದೂ ಅಲ್ಲಿಂದಲೇ. ಲೋಹ ಹಾಕಿಯಾಗಿದ್ದರೆ ಅದರ ಕಂಪನಿ, ಮಾಡೆಲ್ಲು, ಲೋಹ ಯಾವುದು ಎಂಬ ಸ್ಟಿಕರನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಕೊಂಡು ತನ್ನಿ. ನಮಗೆ ಅದು ಚಿನ್ನ.

ಯಂತ್ರ ಎಲ್ಲಿದೆ ಅಂದರೆ: ಚೆನ್ನೈನ ಅಪೋಲೋದಲ್ಲಿ 2019ರಿಂದ, ಟಾಟಾ ಮೆಮೋರಿಯಲ್‌ನ ಖಾರ್‌ಘರ್ ಆವರಣ ಆಕ್ಟ್ರೆಕ್‌ನಲ್ಲಿ 2023ರಿಂದ. ಖಾರ್‌ಘರಿನಲ್ಲಿ ರೋಗಿಯ ಸುತ್ತ ತಿರುಗುವ ಗ್ಯಾಂಟ್ರಿಯ ಕೋಣೆ ಮೂರು.

ಸೋಲಾಪುರ್ ಚಾದರ
ಪ್ರೋಟಾನಿನ ಬದಲು ಕಾರ್ಬನ್ ಅಯಾನ್ ಕಿರಣ ಇನ್ನೂ ಮೇಲು, ಆಪರೇಶನ್ನೇ ಬೇಡ ಅಂತಾರಲ್ಲ?

ಕಿರಣಲೆಕ್ಕ
ಭಾರತದಲ್ಲಿಲ್ಲ. ಜಪಾನ್, ಜರ್ಮನಿ, ಇಟಲಿ, ಆಸ್ಟ್ರಿಯಾ, ಚೀನಾದಲ್ಲಿದೆ. ಜಪಾನಿನವರು ಸೇಕ್ರಮ್ಮಿನ ಕಾರ್ಡೋಮಾಕ್ಕೆ ಆಪರೇಶನ್ ಇಲ್ಲದೆ 16 ಸಲಕ್ಕೆ 70.4 ಗ್ರೇ ಲೆಕ್ಕದಲ್ಲಿ ಕೊಟ್ಟು ಒಳ್ಳೆಯ ಫಲಿತಾಂಶ ತೋರಿಸಿದ್ದಾರೆ. ಅವರ ರೋಗಿಗಳಲ್ಲಿ ಬಹುಪಾಲು ಆಪರೇಶನ್ ಆಗದು ಎಂದು ಬಿಟ್ಟವರು. ಹಾಗಾಗಿ ಆಪರೇಶನ್ ಆದವರ ಜೊತೆ ಇಟ್ಟು ತೂಗಲು ಬರುವುದಿಲ್ಲ.

ಬೆನ್ನೆಲುಬು
ಇಲ್ಲಿ ನನ್ನದು ಸ್ವಲ್ಪ ತಕರಾರು. ಎಸ್3ರ ಕೆಳಗಿನದಕ್ಕೆ ಆಪರೇಶನ್ ಬಿಟ್ಟು ಕರೆಂಟಿನ ಮಾತೇ ಬೇಡ. ಪೂರ್ತಿ ತೆಗೆದು, ಅಂಚು ಎಲ್ಲ ಕಡೆ ಸ್ವಚ್ಛ ಬಂದರೆ ಅದಕ್ಕೆ ಸಮನಾದದ್ದು ಇನ್ನೂ ಇಲ್ಲ.

ಕಿರಣಲೆಕ್ಕ
ಎಸ್3ರ ಕೆಳಗೆ ಒಪ್ಪಿದೆ ಸಾರ್. ಎಸ್1ರವರೆಗೆ ಏರಿದ್ದರೆ? 70 ವರ್ಷ, ಸಕ್ಕರೆ ಕಾಯಿಲೆ, ಆಪರೇಶನ್ ಮಾಡಿದರೆ ಎರಡೂ ಎಸ್2 ಹೋಗುವುದು ಖಚಿತ. ಅಂಥವರ ಮುಂದೆ ಹೆಚ್ಚು ಡೋಸಿನ ಕರೆಂಟ್ ಮಾತ್ರವೇ ಸಾಕೆಂಬ ದಾರಿಯನ್ನೂ ಇಡಬೇಕು. 2015ರಲ್ಲಿ ಪ್ರಕಟವಾದ ಜಾಗತಿಕ ಒಮ್ಮತದ ಕಾಗದವೂ ನರ ಹೋಗುವ ಬೆಲೆಯನ್ನು ರೋಗಿಯ ಜೊತೆ ಕೂತು ಮಾತಾಡಿ, ಬೇರೆ ದಾರಿಯನ್ನೂ ತಿಳಿಸಿ ಎಂದೇ ಹೇಳುತ್ತದೆ.

ಬೆನ್ನೆಲುಬು
ಅದಕ್ಕೆ ನನ್ನ ಅಡ್ಡಿ ಇಲ್ಲ. ರೋಗಿಗೆ ಮೊದಲೇ ಹೇಳಬೇಕು, ಆಪರೇಶನ್ ಆಗಿ ಎಂಟನೇ ದಿನ ಕ್ಯಾಥೆಟರ್ ತೆಗೆಯುವಾಗ ಅಲ್ಲ. ಕರೆಂಟ್ ಮಾತ್ರ ಕೊಟ್ಟರೆ ಗಡ್ಡೆ ಮಾಯ ಆಗುವುದಿಲ್ಲ, ಸ್ಕ್ಯಾನಿನಲ್ಲಿ ವರ್ಷಗಟ್ಟಲೆ ಹಾಗೇ ಕೂತಿರುತ್ತದೆ, ಅದನ್ನೂ ಹೇಳಿ. ಇಲ್ಲದಿದ್ದರೆ ಮೂರನೇ ತಿಂಗಳ ಎಂಆರ್‌ಐ ನೋಡಿ ಮನೆಯವರು ಗಾಬರಿ ಬೀಳುತ್ತಾರೆ.

ಪುಣೆ ಕ್ಯಾಂಪ್
ತಲೆಬುಡದ ಬಗ್ಗೆ ಯಾರಾದರೂ ಬರೆಯಿರಿ. ಕ್ಲೈವಸ್ಸಿನಲ್ಲಿ (ತಲೆಬುರುಡೆ ತಳದ ನಡುಮೂಳೆ) 3 ಸೆಂ.ಮೀ. ಗಡ್ಡೆ, ಒಂದು ಕಣ್ಣು ಹೊರಗೆ ಹೊರಳುತ್ತಿಲ್ಲ, ಎಲ್ಲ ಎರಡೆರಡು ಕಾಣುತ್ತದೆ. ಗಾಮಾ ನೈಫ್ (ಹಲವು ದಿಕ್ಕಿನಿಂದ ಒಂದೇ ಬಿಂದುವಿಗೆ ಕೊಡುವ ಕರೆಂಟ್) ಒಂದೇ ದಿನದಲ್ಲಿ ಮುಗಿಯುತ್ತದೆ ಎನ್ನುತ್ತಾರೆ.

ಮೂಗಿನದಾರಿ
ಎರಡೆರಡು ಕಾಣುವುದು ಆರನೇ ನರ ಒತ್ತಿಹೋದದ್ದರಿಂದ. ಆ ನರ ಕ್ಲೈವಸ್ಸಿನ ಹಿಂದೆಯೇ ಹತ್ತಿಕೊಂಡು ಹೋಗುತ್ತದೆ. ಸದ್ಯಕ್ಕೆ ಎರಡು ಕಣ್ಣಿಗೆ ಸರದಿಯಂತೆ ಪಟ್ಟಿ ಕಟ್ಟಿ, ಗಾಡಿ ಓಡಿಸುವುದು ಬೇಡ.

ಗಾಮಾ ನೈಫ್ ಮೊದಲ ಚಿಕಿತ್ಸೆಯಲ್ಲ. ಆಪರೇಶನ್ ಆದಮೇಲೆ ಉಳಿದ, ಮಿದುಳುಕಾಂಡದಿಂದ ದೂರವಿರುವ ಸಣ್ಣ ಚೂರಿಗೆ ಅದು ಸರಿ. 3 ಸೆಂ.ಮೀ. ಇಡೀ ಗಡ್ಡೆಗೆ ಒಂದೇ ದಿನದಲ್ಲಿ ಸಾಕಷ್ಟು ಡೋಸು ಹಾಕಲು ಹೋದರೆ ಪಕ್ಕದ ನರ ಸುಡುತ್ತದೆ.

ಕ್ಲೈವಸ್ಸಿನಲ್ಲಿ ಒಂದೇ ತುಂಡಾಗಿ ತೆಗೆಯುವುದು ಹೆಚ್ಚುಕಡಿಮೆ ಆಗದ ಮಾತು. ಎರಡು ಬದಿಗೆ ಕ್ಯಾರೋಟಿಡ್, ಹಿಂದೆ ಬೇಸಿಲಾರ್ ರಕ್ತನಾಳ, ಅದರ ಹಿಂದೆ ಮಿದುಳುಕಾಂಡ. ಆದ್ದರಿಂದ ಮೂಗಿನ ಮೂಲಕ ಎಂಡೋಸ್ಕೋಪ್ ಹಾಕಿ ಎಷ್ಟು ಸಾಧ್ಯವೋ ಅಷ್ಟನ್ನೂ, ಸುತ್ತಲಿನ ಮೂಳೆಯನ್ನೂ ಕೊರೆದು ತೆಗೆಯುತ್ತಾರೆ. ಪೂರ್ತಿ ಬರದಿದ್ದರೆ ಕನಿಷ್ಠ ಮಿದುಳುಕಾಂಡ ಮತ್ತು ಕಣ್ಣಿನ ನರದಿಂದ ಗಡ್ಡೆಯನ್ನು ಬಿಡಿಸಿ ಕೆಲವು ಮಿಲಿಮೀಟರ್ ತೆರವು ಮಾಡಿಕೊಡಬೇಕು. ಕಿರಣಲೆಕ್ಕದವರು ಹೇಳಿದ ಆ ಇಳಿಜಾರಿಗೆ ಜಾಗ ಸಿಗುವುದು ಹೀಗೆ.

ಡಾಕ್ಟರನ್ನು ಕೇಳಬೇಕಾದ್ದು: ಮೂಗಿನ ನಡುಗೋಡೆಯ ಪೊರೆಯಿಂದ ಫ್ಲ್ಯಾಪ್ (ರಕ್ತನಾಳ ಸಮೇತದ ಹೊದಿಕೆ) ಎತ್ತಿ ತಳ ಮುಚ್ಚುತ್ತೀರಾ? ಇಎನ್‌ಟಿ ಮತ್ತು ನ್ಯೂರೋ ಇಬ್ಬರೂ ಒಟ್ಟಿಗೆ ನಿಲ್ಲುತ್ತೀರಾ? ಮೂಗಿನ ದುರ್ಮಾಂಸ ಎಂದುಕೊಂಡು ಹಿಂದೆ ಯಾರಾದರೂ ಒಳಗೆ ಕತ್ತರಿಸಿದ್ದರೆ ಆ ಫ್ಲ್ಯಾಪಿನ ರಕ್ತನಾಳ ಹೋಗಿರಬಹುದು, ಅದನ್ನು ಮೊದಲೇ ತಿಳಿಸಿ.

ಆಪರೇಶನ್ ಆದಮೇಲೆ ಕಣ್ಣಿಡಬೇಕಾದ ದೊಡ್ಡ ವಿಷಯ ಮಿದುಳುನೀರಿನ ಸೋರಿಕೆ. ಮುಂದಕ್ಕೆ ಬಾಗಿದಾಗ ಒಂದೇ ಹೊಳ್ಳೆಯಿಂದ ನೀರಿನಂತೆ ತಿಳಿಯಾದ್ದು ತೊಟ್ಟಿಕ್ಕಿದರೆ, ಗಂಟಲಲ್ಲಿ ಉಪ್ಪುಪ್ಪು ಎನಿಸಿದರೆ ನೆಗಡಿ ಎಂದು ಸುಮ್ಮನಾಗಬೇಡಿ. ಸಣ್ಣ ಸೀಸೆಯಲ್ಲಿ ಹಿಡಿದು, ಮಿದುಳುನೀರನ್ನು ಗುರುತಿಸುವ ಬೀಟಾ-2 ಟ್ರಾನ್ಸ್‌ಫೆರಿನ್ ಪರೀಕ್ಷೆಗೆ ಕೊಡಿ. ಜ್ವರ, ಕುತ್ತಿಗೆ ಸೆಟೆದದ್ದು ಸೇರಿದರೆ ಅದೇ ರಾತ್ರಿ ಆಸ್ಪತ್ರೆಗೆ. ಮೂಗನ್ನು ಜೋರಾಗಿ ಊದಿ ಸಿಂಬಳ ತೆಗೆಯುವುದು, ಮಲಕ್ಕೆ ತಿಣುಕುವುದು, ಬಾಯಿ ಮುಚ್ಚಿ ಸೀನುವುದು ಬೇಡ. ಸೀನು ಬಂದರೆ ಬಾಯಿ ತೆರೆದು ಸೀನಲಿ. ಮೂತ್ರ ದಿನಕ್ಕೆ 3 ಲೀಟರ್ ದಾಟಿ ಬಾಯಾರಿಕೆ ನಿಲ್ಲದಿದ್ದರೆ ಸೋಡಿಯಂ ನೋಡಿಸಿ, ಮಿದುಳಿನ ತಳದ ಹಾರ್ಮೋನು ಗ್ರಂಥಿ ಪಿಟ್ಯುಟರಿಗೆ ಪೆಟ್ಟಾಗಿರಬಹುದು.

ಕಿರಣಲೆಕ್ಕ
ಒಂದು ಸೇರ್ಪಡೆ. ಪ್ರೋಟಾನ್ ನಡೆಯುವ ಏಳೆಂಟು ವಾರದಲ್ಲಿ ಮೂಗಿನೊಳಗೆ ಹಕ್ಕಳೆ, ಸಿಂಬಳ ತುಂಬಿಕೊಂಡರೆ ಕಿರಣದ ದಾರಿಯೇ ಬದಲಾಗುತ್ತದೆ. ಗಾಳಿ ಇದ್ದ ಕಡೆ ನೀರು ಬಂದರೆ ಪ್ರೋಟಾನ್ ಬೇಗ ನಿಂತು ಗಡ್ಡೆಯ ಹಿಂಭಾಗ ಡೋಸು ಸಿಗದೆ ಉಳಿಯುತ್ತದೆ. ತುಂಬಿದ್ದು ಖಾಲಿಯಾದರೆ ಇನ್ನೂ ಕೆಟ್ಟದ್ದು, ಮಿದುಳುಕಾಂಡದೊಳಗೆ ನುಗ್ಗುತ್ತದೆ. ಅದಕ್ಕೇ ನಡುನಡುವೆ ಸಿಟಿ ತೆಗೆದು ನೋಡುತ್ತೇವೆ. 'ಮತ್ತೆ ಯಾಕೆ ಸ್ಕ್ಯಾನು' ಎಂದು ಬೇಸರಪಡಬೇಡಿ. ಸರ್ಜನ್ ಒಪ್ಪಿದ ಮೇಲೆ ಸಲೈನಿನಲ್ಲಿ ಮೂಗು ತೊಳೆಯುವುದನ್ನು ತಪ್ಪಿಸಬೇಡಿ. ತಲೆ ಅಲುಗದಂತೆ ಹಿಡಿಯುವ ಮುಖವಾಡ ಮಾಡಿದ ಮೇಲೆ ತೂಕ ಇಳಿದರೆ ಅದು ಸಡಿಲವಾಗುತ್ತದೆ, ಆಗ ಮುಖವಾಡವೂ ಹೊಸದು, ಪ್ಲಾನೂ ಹೊಸದು. ಊಟ ಬಿಡಬೇಡಿ.

ಆಪರೇಶನ್ನಿಗೂ ಪ್ರೋಟಾನಿಗೂ ನಡುವೆ ಸಾಮಾನ್ಯವಾಗಿ 6ರಿಂದ 12 ವಾರ. ಆಪರೇಶನ್ನಿನ ದಿನಾಂಕ ಸಿಕ್ಕ ದಿನವೇ ಖಾರ್‌ಘರಿನ ಸರತಿಗೂ ಹೆಸರು ಬರೆಸಬೇಕು. ಗಾಯ ಮಾಗಿದ ಮೇಲೆ ಹೋಗಿ ನಿಂತರೆ ತಡವಾಗುತ್ತದೆ.

ಗುರುಪುರ ಹೊಳೆ
ಇಷ್ಟೆಲ್ಲ ಯಾಕೆ, ಕೀಮೋ ಕೊಟ್ಟರೆ ಆಗಲಿಕ್ಕಿಲ್ಲವಾ? ಇಲ್ಲದಿದ್ದರೆ ನಾಟಿ ಮದ್ದು?

ಗಾಜುಪಟ್ಟಿ
ಸಾಮಾನ್ಯ ಬಗೆಯ ಕಾರ್ಡೋಮಾಕ್ಕೆ ಕೀಮೋ ತಾಗುವುದಿಲ್ಲ. ನಾಟಿ ಮದ್ದೂ ತಾಗುವುದಿಲ್ಲ. ಮೊದಲ ಆಪರೇಶನ್ನನ್ನು ಆರು ತಿಂಗಳು ಮುಂದೂಡಿಸುವುದೊಂದೇ ಅದರಿಂದ ಆಗುವುದು.

ಮಾತ್ರೆಗಳದ್ದು ಎರಡನೇ ಅಂಕ: ಮತ್ತೆ ಬಂದು, ಕತ್ತಿಗೂ ಕರೆಂಟಿಗೂ ಜಾಗವಿಲ್ಲದಾಗ, ಇಲ್ಲವೇ ಶ್ವಾಸಕೋಶ, ಯಕೃತ್ತು, ಬೇರೆ ಮೂಳೆಗೆ ಹೋದಾಗ. ಹೆಚ್ಚು ಬಳಕೆಯಲ್ಲಿರುವುದು ಇಮಾಟಿನಿಬ್. ಅಧ್ಯಯನದಲ್ಲಿ ದಿನಕ್ಕೆ 800 ಮಿ.ಗ್ರಾಂ. ಕೊಟ್ಟಿದ್ದರು. ಗಡ್ಡೆ ಕುಗ್ಗುವುದು ಅಪರೂಪ, ಕೆಲವು ತಿಂಗಳು ನಿಲ್ಲುವುದು ಸಾಮಾನ್ಯ. ಮುಖ ಊದಿಕೊಳ್ಳುತ್ತದೆ, ವಾಂತಿ ಬರುತ್ತದೆ, ಊಟದ ಜೊತೆ ದೊಡ್ಡ ಲೋಟ ನೀರಿನಲ್ಲಿ ನುಂಗಬೇಕು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಇದೇ ಔಷಧಿಯ ಪೇಟೆಂಟ್ ಅರ್ಜಿ ತಳ್ಳಿಹಾಕಿದ್ದರಿಂದ ನಮ್ಮಲ್ಲಿ ಜೆನೆರಿಕ್ ಅಗ್ಗಕ್ಕೆ ಸಿಗುತ್ತದೆ, ಅದೊಂದು ಪುಣ್ಯ. ಇಜಿಎಫ್‌ಆರ್ ತಡೆಯುವ ಎರ್ಲೋಟಿನಿಬ್, ಲಪಾಟಿನಿಬ್, ಅಫಾಟಿನಿಬ್ ಕೂಡ ಕೆಲವರಿಗೆ ಹಿಡಿಯುತ್ತವೆ. ಕಾರ್ಡೋಮಾಕ್ಕೆಂದೇ ಒಪ್ಪಿಗೆ ಪಡೆದ ಔಷಧಿ ಇವುಗಳಲ್ಲಿ ಒಂದೂ ಅಲ್ಲ. ಹಾಗಾಗಿ ವಿಮೆಯವರು 'ಲೇಬಲ್ಲಿನಲ್ಲಿಲ್ಲ' ಎಂದು ಹಿಂದೆ ಕಳಿಸುತ್ತಾರೆ. ಟ್ಯೂಮರ್ ಬೋರ್ಡಿನ (ಎಲ್ಲ ವಿಭಾಗದ ಡಾಕ್ಟರುಗಳ ಸಭೆ) ಸಹಿಯಿರುವ ಪತ್ರ ಲಗತ್ತಿಸಿ.

ಐಎನ್‌ಐ1 ಕಳೆದ ಬಗೆಗೆ ಟಾಜೆಮೆಟೋಸ್ಟಾಟ್ ಎಂಬುದನ್ನು ಪ್ರಯೋಗಿಸಿ ನೋಡಿದ್ದಾರೆ. ಇಲ್ಲಿ ಸಿಗದ ಔಷಧಿಯನ್ನು ರೋಗಿಯ ಸ್ವಂತ ಬಳಕೆಗೆ ತರಿಸಲು ಫಾರ್ಮ್ 12ಎ ಅರ್ಜಿ, ಫಾರ್ಮ್ 12ಬಿ ಪರವಾನಗಿ. ಈ ಐಎನ್‌ಐ1 ಕಳೆದ ಬಗೆಗೆ ಮತ್ತು ಸಾರ್ಕೋಮಾವಾಗಿ ತಿರುಗಿದ ಬಗೆಗೆ ಮಾತ್ರ ಕೀಮೋ ಲೆಕ್ಕಕ್ಕೆ ಬರುತ್ತದೆ.

ಧಾರವಾಡ–ಡೊಂಬಿವಲಿ
ಸೇಕ್ರಮ್ ಆಪರೇಶನ್ ಆದ ಮ್ಯಾಲೆ ಮನ್ಯಾಗ ಏನು ಮಾಡಬೇಕು ಅನ್ನೂದನ್ನ ಡಿಸ್ಚಾರ್ಜ್ ಕಾಗದದಾಗ ಎರಡು ಸಾಲು ಬರೆದು ಬಿಟ್ಟಿರ್ತಾರ. ಅದಕ್ಕ ಬರೀತೀನಿ.

ಬೋರಲ ಇಲ್ಲಾ ಮಗ್ಗಲಾಗಿ ಮಲಗಬೇಕು, ಎರಡು ತಾಸಿಗೊಮ್ಮೆ ಹೊರಳಿಸಬೇಕು, ರಾತ್ರಿನೂ. ಕೂಡೂದು ಸರ್ಜನ್ ಹೇಳೂ ತನಕ ಇಲ್ಲ. ಊಟಾನೂ ನಿಂತು ಇಲ್ಲಾ ಮಗ್ಗಲಾಗಿ. ನಡುವ ತೂತಿರೋ ಉಂಗುರದ ಗಾಳಿದಿಂಬು ತರಬ್ಯಾಡ್ರಿ. ಸುತ್ತಲಿನ ಚರ್ಮ ಎಳದು ಹೊಲಿಗಿ ಬಿಚ್ಚತದ. ಹಿಂದಿನ ಕಡಿ ಮಾತ್ರ ಕತ್ತರಿಸಿದ ಫೋಮ್ ದಿಂಬು ತೊಗೊಳ್ರಿ. ಮಲವಿಸರ್ಜನಿ ಆದ ಕೂಡ್ಲೆ ಮುಂದಿಂದ ಹಿಂದಕ್ಕ ಒರಸಬ್ಯಾಡ್ರಿ, ಗಾಯ ಹಿಂದನ ಅದ! ಗಾಯದಿಂದ ಗುದದ ಕಡೆ, ಅಂದ್ರ ಹಿಂದಿಂದ ಮುಂದಕ್ಕ ಒರಸ್ರಿ. ಹೆಣ್ಮಕ್ಕಳಾದ್ರ ಒರಸೂದು ಬ್ಯಾಡ, ನೀರು ಹಾಕಿ ತೊಳದು ಒತ್ತಿ ಒಣಗಿಸ್ರಿ.

ಮೂತ್ರ ಬರಲಿಲ್ಲ ಅಂದ್ರ ತಾವ ನಳಿಗಿ ಹಾಕ್ಕೊಳ್ಳೂದು ಕಲಿಸ್ತಾರ. ದೊಡ್ಡವರಿಗೆ 12 ಇಲ್ಲಾ 14 ನಂಬರ್ ನಳಿಗಿ, ದಿನಕ್ಕ 4ರಿಂದ 6 ಸಲ. ಒಂದು ಸಲಕ್ಕ 400-500 ಮಿ.ಲೀ. ದಾಟಬಾರದು, ದಾಟಿದ್ರ ನಡುವಿನ ಅಂತರ ಕಡಿಮಿ ಮಾಡ್ರಿ. ವಹಿಯಾಗ ಹೊತ್ತು, ಅಳತಿ ಬರದಿಡ್ರಿ. 'ತನ್ನಿಂದ ತಾನ ಸೋರಾಕತ್ತೈತಿ, ಅಂದ್ರ ಸುಧಾರಿಸ್ತು' ಅಂತ ತಿಳಕೊಳ್ಳೂದು ತಪ್ಪು. ಚೀಲ ತುಂಬಿ ಉಕ್ಕೂದು ಅದು, ಕಿಡ್ನಿ ಕೆಡ್ತಾವ.

ಪನ್ವೇಲ್ ಪ್ಯಾಸೆಂಜರ್
ಓಡಾಟದ ಮಾತು ನಾನು ಹೇಳುತ್ತೇನೆ. ಮೊದಲು ಪರೇಲ್, ಟಾಟಾ ಮೆಮೋರಿಯಲ್. ಅಲ್ಲಿ ಫೈಲ್ ನಂಬರ್ ಆಗಿ, ಮೂಳೆ ವಿಭಾಗದ ಜಂಟಿ ಕ್ಲಿನಿಕ್ಕಿನಲ್ಲಿ ಸರ್ಜನ್, ರೇಡಿಯೇಷನ್, ಮೆಡಿಕಲ್ ಮೂವರೂ ನೋಡಬೇಕು. ತಲೆಬುಡದ್ದಾದರೆ ನ್ಯೂರೋ ಕಡೆ. ಖಾರ್‌ಘರಿಗೆ ಕಳಿಸುವವರು ಅವರೇ.

ಕೈಯಲ್ಲಿರಬೇಕಾದ್ದು: ಸ್ಲೈಡು, ಬ್ಲಾಕು, ಎಂಆರ್‌ಐ-ಸಿಟಿ ಸಿಡಿ. ಫಿಲ್ಮು ಸಾಲದು, ಮೊಬೈಲಿನಲ್ಲಿ ಹೊಡೆದ ಫೋಟೋ ಏನೇನೂ ಸಾಲದು. ಸಿಡಿಯನ್ನು ಮನೆಯ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಿ, ಖಾಲಿ ಸಿಡಿ ಹಿಡಿದು ಬಂದವರೂ ಇರುತ್ತಾರೆ. ಎದೆಯ ಸಿಟಿ ಮಾಡಿಸದಿದ್ದರೆ ಅಲ್ಲೇ ಬರೆಯುತ್ತಾರೆ, ಶ್ವಾಸಕೋಶ ನೋಡಲು.

ರೈಲು: ಕ್ಯಾನ್ಸರ್ ರೋಗಿಗೆ ಆಸ್ಪತ್ರೆಯ ರಿಯಾಯಿತಿ ಫಾರ್ಮ್ ಇದ್ದರೆ ಸ್ಲೀಪರ್ ಮತ್ತು ಥರ್ಡ್ ಎಸಿ ಪೂರ್ತಿ ಉಚಿತ, ಜೊತೆಗಾರರಿಗೆ ಅದರಲ್ಲಿ 75 ಶೇಕಡಾ ರಿಯಾಯಿತಿ. ಸೆಕೆಂಡ್ ಎಸಿಯಾದರೆ ಇಬ್ಬರಿಗೂ ಅರ್ಧ. ಖಾರ್‌ಘರಿಗೆ ಹೋಗಲು ಮಂಗಳೂರು ಕಡೆಯವರು ಮತ್ಸ್ಯಗಂಧದಲ್ಲಿ ಬಂದರೆ ಪನ್ವೇಲಿನಲ್ಲೇ ಇಳಿಯಿರಿ, ಕುರ್ಲಾ ತನಕ ಹೋಗಿ ಹಿಂದೆ ಬರುವುದು ಬೇಡ. ಪನ್ವೇಲಿನಿಂದ ಹಾರ್ಬರ್ ಲೈನಿನಲ್ಲಿ ಖಾಂದೇಶ್ವರ, ಮಾನಸರೋವರ, ಮೂರನೆಯದು ಖಾರ್‌ಘರ್.

ಪರೇಲಿನ ದಿನಗಳಿಗೆ ದಾದರ್‌ನ ಗಾಡಗೇ ಮಹಾರಾಜ ಧರ್ಮಶಾಲೆ, ಪರೇಲಿನ ನಾನಾ ಪಾಲ್ಕರ್ ಸಮಿತಿ. ಎರಡಕ್ಕೂ ಆಸ್ಪತ್ರೆಯ ಕಾಗದ ಬೇಕು, ಜಾಗ ಸಿಗುವುದು ಕಷ್ಟ. ಪ್ರೋಟಾನಿನ ಎಂಟು ವಾರಕ್ಕೆ ಖಾರ್‌ಘರ್ ಸುತ್ತಲೇ ಒಂದು ಕೋಣೆ ಹಿಡಿಯುವುದು ವಾಸಿ. ಮಹಾತ್ಮ ಫುಲೆ ಯೋಜನೆ (ರಾಜ್ಯ ಸರಕಾರದ ಆರೋಗ್ಯ ನೆರವು) ಮಹಾರಾಷ್ಟ್ರದ ನಿವಾಸಿಗಳಿಗೆ. ಊರಿನ ರೇಷನ್ ಕಾರ್ಡಿನವರು ಆಯುಷ್ಮಾನ್ ಕಾರ್ಡ್ ಹಿಡಿದು ಸಮಾಜ ಸೇವಾ ವಿಭಾಗಕ್ಕೆ ಹೋಗಿ. ಬಿಲ್ಲು ಕಟ್ಟಿದ ಮೇಲೆ ಅಲ್ಲ, ಅಂದಾಜು ಪಟ್ಟಿ ಸಿಕ್ಕ ದಿನವೇ.

ಪುಣೆ ಕ್ಯಾಂಪ್
ಉಪಕಾರವಾಯಿತು. ಆಮೇಲಿನ ಎಂಆರ್‌ಐಗಳನ್ನು ಪುಣೆಯಲ್ಲೇ ಮಾಡಿಸಬಹುದಾ?

ಮೂಗಿನದಾರಿ
ಧಾರಾಳವಾಗಿ. ಪ್ರತಿ ಸಲ ಅದೇ ಕೇಂದ್ರ, ಅದೇ ಯಂತ್ರ, ತೆಳು ಸ್ಲೈಸ್, ಕಾಂಟ್ರಾಸ್ಟ್ ಸಮೇತ, ಕೊಬ್ಬು ಅಡಗಿಸಿದ ಚಿತ್ರವೂ ಇರಲಿ. ಮೊದಲ ಐದು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, 15 ವರ್ಷದವರೆಗೆ. ಹತ್ತು ವರ್ಷದ ಮೇಲೂ ಮರಳುವ ರೋಗ ಇದು. ವರ್ಷಕ್ಕೊಮ್ಮೆ ಬೆಳಗಿನ 8 ಗಂಟೆಯ ಕಾರ್ಟಿಸೋಲ್, ಟಿ4, ಟಿಎಸ್‌ಎಚ್ ಮಾಡಿಸಿ. ಪಿಟ್ಯುಟರಿ ಕರೆಂಟಿನಿಂದ ನಿಧಾನವಾಗಿ ಸೊರಗುತ್ತದೆ. ಸುಸ್ತು ವಯಸ್ಸಿನದು ಎಂದು ಬಿಡಬೇಡಿ. ಕಿವಿಯ ಪರೀಕ್ಷೆಯೂ ಒಂದಿರಲಿ.

ದಹಿಸರ್ ಲೋಕಲ್
ಎಲ್ಲರಿಗೂ ಉಪಕಾರ. ಸೋಮವಾರ ಪರೇಲಿಗೆ ಹೋಗುತ್ತೇವೆ. ಬಯಾಪ್ಸಿ ಅಲ್ಲೇ ಮಾಡಿಸುವುದಲ್ಲವಾ?

ಬೆನ್ನೆಲುಬು
ಅಲ್ಲೇ. ಹೊರಗಿಂದ ಮಾಡಿಸಿಕೊಂಡು ಹೋಗಬೇಡಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಏನಾದರೂ ನುಂಗುತ್ತಿದ್ದರೆ ಹೆಸರು ಬರೆದುಕೊಂಡು ಹೋಗಿ. ಅದನ್ನು ನೀವಾಗಿಯೇ ನಿಲ್ಲಿಸಬೇಡಿ, ಅವರು ದಿನ ಹೇಳುತ್ತಾರೆ.